ಒಂದು ಮೈಕ್ ಕೆಳಗೂ ಇಳಿಯಲಿ

ಮಾನ್ಯ ಸಂಪಾದಕರೇ,

ಮದುವೆ, ಜಾತ್ರೆ, ಚುನಾವಣೆ, ಕಂಪನಿಗಳ ಸಭೆ ಎಲ್ಲಕ್ಕೂ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವನು ನಾನು. ಕೊಪ್ಪಳದಲ್ಲಿ 19 ವರ್ಷಗಳಿಂದ ಇದೇ ಹೊಟ್ಟೆಪಾಡು. ವೇದಿಕೆಯ ಮೇಲಿರುವವರಿಗೆ ಮೊದಲ ಎರಡು ಸಾಲು ಕಾಣುತ್ತದೆ. ಹಿಂದುಗಡೆ ಧ್ವನಿ ಹೊಂದಿಸುವ ಮಿಕ್ಸರ್ ಇಟ್ಟುಕೊಂಡು ಕೂರುವ ನನಗೆ ಉಳಿದವರೆಲ್ಲರ ಬೆನ್ನು ಕಾಣುತ್ತದೆ. ಯಾವ ಭಾಷಣ ಶುರುವಾದ ಎಷ್ಟನೆಯ ನಿಮಿಷಕ್ಕೆ ಆ ಬೆನ್ನುಗಳು ಕುರ್ಚಿಯಲ್ಲಿ ಜಾರತೊಡಗುತ್ತವೆ ಎಂಬುದನ್ನು ಗಡಿಯಾರ ನೋಡದೆ ಹೇಳಬಲ್ಲೆ.

ಕಳೆದ ತಿಂಗಳು ಬೀಜದ ಕಂಪನಿಯೊಂದರ ವಿತರಕರ ಸಭೆ ಇತ್ತು. ಬೆಂಗಳೂರಿನಿಂದ ಬಂದಿದ್ದ ಆಯೋಜಕ ಹುಡುಗರು, 'ಈಗಿನ ಪ್ರೇಕ್ಷಕರನ್ನು ಹಿಡಿದಿಡುವುದು ಕಷ್ಟ ಸರ್' ಎನ್ನುತ್ತ ದೊಡ್ಡ ಎಲ್‌ಇಡಿ ಪರದೆ, ಹೊಗೆ ಉಗುಳುವ ಯಂತ್ರ, ಸೆಲ್ಫಿ ತೆಗೆದುಕೊಳ್ಳಲು ಹೂವಿನ ಚೌಕಟ್ಟು ಎಲ್ಲವನ್ನೂ ಇಳಿಸಿದರು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮೊಬೈಲಿನಲ್ಲೇ ಉತ್ತರಿಸುವ ರಸಪ್ರಶ್ನೆಯೂ ಇತ್ತು. ಕಲ್ಯಾಣ ಮಂಟಪದ ತಗಡಿನ ಛಾವಣಿಯ ಕೆಳಗೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಇನ್ನೂರೈವತ್ತು ಜನ ಮೊಬೈಲ್ ಮೇಲೆತ್ತಿ ಹಿಡಿದು ನಿಂತರು. ಬಾಗಿಲು ದಾಟಿದವರಿಗೆ ನೆಟ್‌ವರ್ಕ್ ಸಿಕ್ಕಿತು, ಎದುರಿಗೇ ಚಹಾದ ಅಂಗಡಿಯೂ ಸಿಕ್ಕಿತು. ಅವರಲ್ಲಿ ಬಹುಪಾಲು ಜನ ಮರಳಿದ್ದು ಊಟದ ಹೊತ್ತಿಗೆ.

ಒಳಗೆ ಉಳಿದವರ ಪಾಡೇನು? ಹತ್ತೂವರೆಯ ಸಭೆಗೆ ಮುಖ್ಯ ಅತಿಥಿ ಬಂದದ್ದು ಹನ್ನೆರಡು ದಾಟಿದ ಮೇಲೆ. ವೇದಿಕೆಯ ಮೇಲೆ ಹದಿನಾಲ್ಕು ಜನ. ಶಾಲು, ಹಾರ, ಪೇಟ, ಸ್ಮರಣಿಕೆ, ಆಮೇಲೆ ಫೋಟೊದವನಿಗಾಗಿ ಮತ್ತೊಮ್ಮೆ ಅದೇ ಸ್ಮರಣಿಕೆ. ಒಬ್ಬರಿಗೆ ಎರಡೂವರೆ ನಿಮಿಷ ಎಂದರೆ ಹದಿನಾಲ್ಕು ಜನಕ್ಕೆ ಮೂವತ್ತೈದು ನಿಮಿಷ. ಅಷ್ಟೂ ಹೊತ್ತು ಒಂದೇ ಕೊಳಲಿನ ಹಾಡನ್ನು ಮತ್ತೆ ಮತ್ತೆ ಹಾಕುತ್ತ ಕುಳಿತಿದ್ದೆ. (ಕೊಡುವ ಸ್ಮರಣಿಕೆಯಾದರೂ ಪಕ್ಕದ ಕಿನ್ನಾಳದ ಬಣ್ಣದ ಗೊಂಬೆಯಾಗಿದ್ದರೆ ನಾಲ್ಕು ಮನೆಗೆ ಕೆಲಸವಾಗುತ್ತಿತ್ತು. ಅದು ದೂರದೂರಿನಿಂದ ತಂದ ಗಾಜಿನ ಹಲಗೆ!) ಕೊನೆಯಲ್ಲಿ ವೈರು ಸುತ್ತುತ್ತಿದ್ದ ನನ್ನ ಹತ್ತಿರ ಬಂದು ಕಂಪನಿಯ ವ್ಯವಸ್ಥಾಪಕರು, 'ಈಗಿನ ಜನಕ್ಕೆ ತಾಳ್ಮೆಯೇ ಇಲ್ಲ ನೋಡಿ, ಎಲ್ಲರ ಕಣ್ಣೂ ಮೊಬೈಲಿನಲ್ಲಿ' ಎಂದರು.

ಅವರ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ಜನ ಗವಿಮಠದ ಜಾತ್ರೆಯಲ್ಲಿ ಬರಿ ನೆಲದ ಮೇಲೆ ಕುಳಿತು, ಕೂಸು ಅತ್ತರೆ ಸುಮ್ಮನಾಗಿಸಿ, ಸ್ವಾಮಿಗಳ ಮಾತು ಕೇಳುತ್ತಾರೆ. ಆ ದಾಸೋಹಕ್ಕೆ ತಮ್ಮ ಊರಿನಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಕಳಿಸಿದವರೂ ಅವರೇ. ಜಾತ್ರೆ ಅವರದು, ಆದ್ದರಿಂದ ಕೂರುತ್ತಾರೆ. ಕಂಪನಿಯ ಸಭೆಯಲ್ಲಿ ಅವರದು ಎನ್ನುವುದು ಕುರ್ಚಿಯೊಂದೇ, ಅದನ್ನೂ ಬಾಡಿಗೆಗೆ ತಂದಿರುತ್ತಾರೆ.

ಕೆಲವು ವರ್ಷಗಳ ಹಿಂದೆ ನಡೆದ ಇನ್ನೊಂದು ಸಭೆಯನ್ನು ನಾನು ಮರೆತಿಲ್ಲ. ಮೆಕ್ಕೆಜೋಳಕ್ಕೆ ಹೊಸ ಸೈನಿಕ ಹುಳು (ಫಾಲ್ ಆರ್ಮಿವರ್ಮ್) ಬಿದ್ದಿದ್ದ ಕಾಲ ಅದು. 2018ರಲ್ಲಿ ಆ ಹುಳು ದೇಶದಲ್ಲೇ ಮೊದಲು ಪತ್ತೆಯಾದದ್ದು ನಮ್ಮ ಕರ್ನಾಟಕದಲ್ಲಿ. ಮರುವರ್ಷ ಒಂದು ಕಂಪನಿಯವರು ರೈತರನ್ನೂ ವಿತರಕರನ್ನೂ ಕರೆದಿದ್ದರು. ಲ್ಯಾಪ್‌ಟಾಪಿಗೂ ಪ್ರೊಜೆಕ್ಟರಿಗೂ ಹೊಂದಾಣಿಕೆಯಾಗದೆ ಪರದೆ ನೀಲಿಯಾಗಿ ನಿಂತುಬಿಟ್ಟಿತು. ಮಾತನಾಡಬೇಕಿದ್ದ ಫೀಲ್ಡ್ ಆಫೀಸರ್ ಇನ್ನೂ ಹುಡುಗ, ಬೆವರು ಒರೆಸಿಕೊಂಡು ನನ್ನ ಬಳಿ ಕಾರ್ಡ್‌ಲೆಸ್ ಮೈಕ್ ಕೇಳಿ ಪಡೆದು ವೇದಿಕೆಯಿಂದ ಇಳಿದ. ಚೀಲದಲ್ಲಿ ಆ ಬೆಳಿಗ್ಗೆ ಯಾರದೋ ಹೊಲದಿಂದ ತಂದ ಹುಳು ಸಣ್ಣ ಗಾಜಿನ ಶೀಶೆಯಲ್ಲಿತ್ತು. 'ತಲೆಯ ಮೇಲೆ ಕವೆಗೋಲು ತಲೆಕೆಳಗಾಗಿ ನಿಂತಂಥ ಬಿಳಿ ಗೆರೆ ಇದೆ. ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ. ಕಂಡರೆ ಹೇಳಿ' ಎಂದು ಶೀಶೆಯನ್ನು ಮೊದಲ ಸಾಲಿನವರ ಕೈಗೆ ಕೊಟ್ಟ. ಅದು ಸಾಲಿನಿಂದ ಸಾಲಿಗೆ ಬರುವಷ್ಟರಲ್ಲಿ ಹಿಂದಿನವರು ತಾಳಲಾರದೆ ಎದ್ದು ಮುಂದೆ ಬಂದಿದ್ದರು.

ಯಲಬುರ್ಗಾ ಕಡೆಯ ಹಿರಿಯರೊಬ್ಬರು, 'ನಾನು ಸುಳಿಗೆ ಮರಳು ಹಾಕಿದೆ, ಅರ್ಧಕ್ಕರ್ಧ ಬೆಳೆ ಉಳಿಯಿತು' ಎಂದರು. ಹಿಂದಿನಿಂದ ಒಬ್ಬ, 'ಬರೀ ಮರಳು ಸಾಲದು ಯಜಮಾನರೇ, ಸುಣ್ಣ ಬೆರೆಸಬೇಕು' ಎಂದು ಕೂಗಿದ. 'ಎಷ್ಟು ಮರಳಿಗೆ ಎಷ್ಟು ಸುಣ್ಣ?' ಎಂದು ಮೂರನೆಯವನು ಎದ್ದ. ಆ ಹುಡುಗ ಉತ್ತರ ಹೇಳಲು ಅವಸರ ಮಾಡಲಿಲ್ಲ, ಮೈಕನ್ನು ಸುಣ್ಣದವನ ಕೈಗೇ ಕೊಟ್ಟ. ಮೈಕ್ ಎತ್ತ ಹೋಗುತ್ತದೋ ಅತ್ತ ಧ್ವನಿ ಏರಿಸುತ್ತ ಇಳಿಸುತ್ತ ನನ್ನ ಬೆರಳು ಒಂದೂವರೆ ಗಂಟೆ ಮಿಕ್ಸರ್ ಬಿಟ್ಟು ಏಳಲಿಲ್ಲ. ಅಡುಗೆಯವನು ಬಾಗಿಲಲ್ಲಿ ನಿಂತು ಊಟ ಆರುತ್ತದೆ ಎಂದು ಸನ್ನೆ ಮಾಡಿದರೂ ಯಾರೂ ಅತ್ತ ನೋಡಲಿಲ್ಲ.

ಕಂಪನಿಯ ಸಭೆಗೆ ನಾನು ಸಾಮಾನ್ಯವಾಗಿ ನಾಲ್ಕು ಕಾರ್ಡ್‌ಲೆಸ್ ಮೈಕ್ ಒಯ್ಯುತ್ತೇನೆ. ಮೂರು ವೇದಿಕೆಯ ಮೇಲಿರುತ್ತವೆ. ನಾಲ್ಕನೆಯದು ಪೆಟ್ಟಿಗೆ ಬಿಟ್ಟು ಹೊರಬಂದದ್ದನ್ನು ಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ಒಂದು ಕಾರ್ಖಾನೆಗೆ ಹೋಗಿದ್ದೆ. ಅಲ್ಲಿ ಕಾರ್ಮಿಕರು ಇಂಗ್ಲಿಷಿನ ಪ್ರತಿಜ್ಞೆಯನ್ನು ಕೈಚಾಚಿ ಗೊಣಗಿದರು. ಆಮೇಲೆ ಗೇಟಿನ ಬಳಿ ಬೀಡಿ ಹಚ್ಚಿದ ಒಬ್ಬರು ಯಾವ ಮೆಟ್ಟಿಲಲ್ಲಿ ಎಣ್ಣೆ ಚೆಲ್ಲಿರುತ್ತದೆ, ಯಾವ ದೀಪ ಮೂರು ತಿಂಗಳಿಂದ ಹತ್ತುತ್ತಿಲ್ಲ ಎಂದು ನನಗೆ ಹೇಳಿದರು. ಆ ಮಾತು ಮೈಕಿನಲ್ಲಿ ಬರಬೇಕಿತ್ತು.

ನನ್ನ ಕಸುಬಿನ ಮಾತೊಂದನ್ನೂ ಹೇಳಿಬಿಡುತ್ತೇನೆ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನೂರು ಅಡಿ ಉದ್ದದ ಮಂಟಪದಲ್ಲಿ ಮುಂದಿನ ಸ್ಪೀಕರ್ ಪೆಟ್ಟಿಗೆಯ ಧ್ವನಿ ಹಿಂದಿನ ಗೋಡೆ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಸಮಯ ಬೇಕು. ಹಿಂದಿಟ್ಟ ಪೆಟ್ಟಿಗೆಯನ್ನು ಅಷ್ಟೇ ತಡಮಾಡಿ ನುಡಿಸದಿದ್ದರೆ ಒಂದೊಂದು ಮಾತೂ ಎರಡೆರಡು ಸಲ ಕೇಳಿ ಕಲಸಿಹೋಗುತ್ತದೆ. ಅದನ್ನು ಹೊಂದಿಸಲು ಖಾಲಿ ಮಂಟಪದಲ್ಲಿ ಅರ್ಧ ಗಂಟೆ ಮೌನ ಬೇಕು. ನಮಗೆ ಸಿಗುವುದು ಅಲಂಕಾರದವರು ಮೊಳೆ ಹೊಡೆಯುವ ಸದ್ದು. ಪರದೆಗೆ ಲಕ್ಷ ಸುರಿಯುವವರು ಹಿಂದಿನ ಸಾಲಿನವನಿಗೆ ಮಾತು ಕೇಳಿಸುತ್ತಿದೆಯೇ ಎಂದು ಒಮ್ಮೆ ಹೋಗಿ ನಿಂತು ನೋಡುವುದಿಲ್ಲ. ಕೇಳಿಸದವನು ಮೊಬೈಲ್ ನೋಡದೆ ಇನ್ನೇನು ಮಾಡಬೇಕು?

ಮುಂಗಾರಿಗೆ ಮೊದಲು ಬೀಜ, ಗೊಬ್ಬರದ ಕಂಪನಿಗಳ ಸಭೆಗಳು ಮತ್ತೆ ಶುರುವಾಗುತ್ತವೆ. ಶಾಲುಗಳನ್ನು ಮೂರಕ್ಕೆ ಇಳಿಸಿ, ನಿರೂಪಣೆ ಕನ್ನಡದಲ್ಲಿರಲಿ, ಒಂದು ಮೈಕನ್ನು ಕೂತವರ ನಡುವೆ ಬಿಡಿ ಎಂದು ಆಯೋಜಕರನ್ನು ಕೇಳಿಕೊಳ್ಳುತ್ತೇನೆ. ಹಾಗೆ ಕೆಳಗಿಳಿಯುವ ನಾಲ್ಕನೆಯ ಮೈಕಿಗೆ ನಾನು ಬಾಡಿಗೆ ಹಾಕುವುದಿಲ್ಲ. ಬ್ಯಾಟರಿಯೂ ನನ್ನದೇ.

ಇಂತಿ,
ಸೌಂಡ್ ಸಿಸ್ಟಮ್ ಅಂಗಡಿಯವನು, ಕೊಪ್ಪಳ