ಮೊದಲು ಬರುವವರನ್ನೂ ಸಜ್ಜುಗೊಳಿಸಿ

ಮಾನ್ಯ ಸಂಪಾದಕರೇ,

2008ರ ನವೆಂಬರ್ 26ರ ರಾತ್ರಿ, ಮುಂಬೈನ ಗಿರ್ಗಾಂವ್ ಚೌಪಾಟಿ. ಎಎಸ್‌ಐ ತುಕಾರಾಂ ಓಂಬ್ಳೆ ಕೈಯಲ್ಲಿದ್ದದ್ದು ಬರೀ ಲಾಠಿ. ದಾಳಿ ಮಾಡಿದ್ದ ಉಗ್ರ ಕಸಬ್‌ನ ಎಕೆ-47 ನಳಿಗೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಗುಂಡುಗಳು ಮೈಗೆ ನುಗ್ಗಿದರೂ ಬಿಡಲಿಲ್ಲ. ಹಾಗಾಗಿಯೇ ಅವನು ಜೀವಂತ ಸಿಕ್ಕಿದ. ಕೇಂದ್ರದ ವಿಶೇಷ ಪಡೆ ಎನ್‌ಎಸ್‌ಜಿಯ ಕಮಾಂಡೋಗಳು ಮುಂಬೈ ತಲುಪಿದ್ದು ಮರುದಿನ ಬೆಳಿಗ್ಗೆ.

ನಮ್ಮಲ್ಲಿ ಉಗ್ರರನ್ನು ಎದುರಿಸಲು ಪೊಲೀಸರ ಗರುಡ ಪಡೆ ಇದೆ, ಅದು ಹೆಮ್ಮೆಯೇ. ಆದರೆ ಬೆಂಗಳೂರಿನಲ್ಲಿ 112ಕ್ಕೆ ಕರೆ ಮಾಡಿದರೆ ಮೊದಲು ಬರುವುದು ಪೊಲೀಸರ ಗಸ್ತು ಗಾಡಿ ಹೊಯ್ಸಳ ಅಲ್ವಾ? ನಮ್ಮ ಬೀದಿ ತುದಿಯಲ್ಲಿ ರಾತ್ರಿ ನಿಲ್ಲುವ ಗಾಡಿಯಲ್ಲಿ ಇಬ್ಬರು ಫ್ಲಾಸ್ಕ್‌ನಿಂದ ಚಹಾ ಹಂಚಿಕೊಂಡು ಕುಡಿಯುತ್ತಿರುತ್ತಾರೆ. ಗುಂಡಿನ ಸದ್ದು ಕೇಳಿದರೆ ಒಳಗೆ ನುಗ್ಗಬೇಕಾದವರು ಅವರೇ. ಗುಂಡು ತಡೆಯುವ ಜಾಕೆಟ್, ಒಳ್ಳೆಯ ಬಂದೂಕು, ಜಾಸ್ತಿ ಅಭ್ಯಾಸ, ಇಷ್ಟನ್ನು ದಯವಿಟ್ಟು ಅವರಿಗೂ ಕೊಡಿ.

– ಓದುಗ, ಬೆಂಗಳೂರು