ಎಲ್ಲ ಪಂದ್ಯಕ್ಕೂ ಬೇರೆ ದುಡ್ಡೇಕೆ?

ಮಾನ್ಯರೇ,

ಹೆವಿವೇಟ್ ಬಾಕ್ಸಿಂಗ್ ಅಂದ ತಕ್ಷಣ ಪೇ-ಪರ್-ವ್ಯೂ (ಒಂದೊಂದು ಪಂದ್ಯಕ್ಕೂ ದುಡ್ಡು ಕೊಟ್ಟು ನೋಡುವುದು) ಹೆಸರಲ್ಲಿ ಚಂದಾ ಮೇಲೆ ಬೇರೆ ದುಡ್ಡು ಕೇಳುವುದು ಬ್ರಿಟನ್‌ನ ಚಾನೆಲ್‌ಗಳಿಗೆ ಚಾಳಿಯಾಗಿದೆ. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಬ್ರಿಟನ್‌ನ ಟೈಸನ್ ಫ್ಯೂರಿ ಮತ್ತು ಉಕ್ರೇನ್‌ನ ಒಲೆಕ್ಸಾಂಡರ್ ಉಸಿಕ್ ನಡುವೆ ನಡೆದ ಪಂದ್ಯಕ್ಕೆ ಸುಮಾರು 25 ಪೌಂಡ್ ಕೊಟ್ಟರೆ ತಪ್ಪಿಲ್ಲ. ವಿಶ್ವ ಚಾಂಪಿಯನ್‌ಗೆ ಸಿಗುವ ನಾಲ್ಕೂ ಪ್ರಮುಖ ಬೆಲ್ಟ್ ಪಣಕ್ಕಿದ್ದವು. ಒಂಬತ್ತನೇ ಸುತ್ತಿನಲ್ಲಿ ಉಸಿಕ್ ಏಟಿಗೆ ಆ ದೈತ್ಯ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡಿದ್ದು, ರೆಫ್ರಿ ಎಣಿಸಿದ್ದು, ಅಷ್ಟರಲ್ಲೇ ಗಂಟೆ ಬಾರಿಸಿ ಬಚಾವಾಗಿದ್ದು! ಕೊಟ್ಟ ದುಡ್ಡು ಅಲ್ಲೇ ವಸೂಲಿ.

ಆದರೆ 2022ರ ಡಿಸೆಂಬರ್‌ನ ಫ್ಯೂರಿ-ಚಿಸೋರಾ? ಫ್ಯೂರಿ ಕೈಲಿ ಎರಡು ಸಲ ಸೋತಿದ್ದ ಬ್ರಿಟನ್‌ನ ಬಾಕ್ಸರ್ ಡೆರೆಕ್ ಚಿಸೋರಾನನ್ನೇ ಮತ್ತೆ ತಂದು ನಿಲ್ಲಿಸಿದರು. ಹತ್ತನೇ ಸುತ್ತಿಗೆ ಆಟ ಮುಗಿಯಿತು. ಅದಕ್ಕೂ ಚಂದಾದಾರರು ಬೇರೆ ದುಡ್ಡು ಕಕ್ಕಬೇಕಾಯಿತು. ಇಂಥವನ್ನು ಸುಮ್ನೆ ಮಾಮೂಲಿ ಚಂದಾದಲ್ಲೇ ತೋರಿಸಲಿ. ಹಳೆಯ ಚಾಂಪಿಯನ್ ಮೈಕ್ ಟೈಸನ್ ಮತ್ತು ಯೂಟ್ಯೂಬರ್ ಜೇಕ್ ಪಾಲ್ ನಡುವಿನ ತಮಾಷೆಯನ್ನು ನೆಟ್‌ಫ್ಲಿಕ್ಸ್ ಮಾಮೂಲಿ ಚಂದಾದಲ್ಲೇ ತೋರಿಸಿತಲ್ವಾ?

– ಬಾಕ್ಸಿಂಗ್ ಪ್ರಿಯ ಓದುಗ