ಈ ವಾರದ ಚಿತ್ರ: ಬ್ರೆಡ್ಡು, ಬನ್ನು, ಹಿಟ್ಟು

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆಯೊಳಗೆ ಗುಂಪಿಗೆ ಹಾಕಬೇಕಾದ ಚಿತ್ರದ ವಿಷಯ ಬ್ರೆಡ್ಡು ಅಥವಾ ಹಿಟ್ಟು. ಸುಮ್ನೆ ತಟ್ಟೆಯಲ್ಲಿಟ್ಟ ಬ್ರೆಡ್ಡು ಬೇಡ. ಅದು ಬೇರೆ ಏನೋ ಆಗಿ ಕಾಣಬೇಕು.

ಶುರು ಮಾಡುವ ಮೊದಲು ಒಂದು ಫೋಟೋ ಹುಡುಕಿ ನೋಡಿ. 1952ರಲ್ಲಿ ಫ್ರಾನ್ಸಿನ ವಲೋರಿಸ್‌ನಲ್ಲಿ ರಾಬೆರ್ ದುವಾನೊ ತೆಗೆದದ್ದು. ಪಿಕಾಸೊ ಪಟ್ಟೆ ಅಂಗಿ ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದಾರೆ. ಕೈ ಇರಬೇಕಾದ ಜಾಗದಲ್ಲಿ ಬ್ರೆಡ್ಡು, ದಪ್ಪ ದಪ್ಪ ಬೆರಳಿನ ಹಾಗೆ! ಏನೂ ಬಿಡಿಸಿಲ್ಲ, ಇಟ್ಟ ಜಾಗವಷ್ಟೇ ಬೇರೆ.

ಕಾಮಿಕ್ಸ್ ಇಷ್ಟಪಡುವವರು ಜಪಾನಿನ ಆನ್‌ಪಾನ್‌ಮ್ಯಾನ್‌ನನ್ನು ನೋಡಲೇಬೇಕು. ತಕಾಶಿ ಯಾನಾಸೆ ಅವರ ಈ ನಾಯಕ 1973ರಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆ ಬಂದ. ಅವನ ತಲೆಯೇ ಒಂದು ಬನ್ನು, ಒಳಗೆ ಕೆಂಪು ಕಾಳಿನ ಸಿಹಿ ಹೂರಣ. ಹಸಿದವರು ಸಿಕ್ಕರೆ ತನ್ನ ಮುಖವನ್ನೇ ಮುರಿದು ತಿನ್ನಲು ಕೊಡುತ್ತಾನೆ. ಮುಖ ಒದ್ದೆಯಾದರೆ ಶಕ್ತಿ ಹೋಗುತ್ತದೆ. ಆಗ ಬೇಕರಿಯ ಜಾಮ್ ಮಾಮ ಹೊಸ ತಲೆ ಬೇಯಿಸಿ ಕೊಡುತ್ತಾರೆ. ಯಾನಾಸೆ ಯುದ್ಧದ ಕಾಲದಲ್ಲಿ ಸೈನಿಕರಾಗಿದ್ದರು, ಹಸಿವನ್ನು ಹತ್ತಿರದಿಂದ ಕಂಡವರು. ಅದಕ್ಕೇ ಅವರ ನಾಯಕ ಮೊದಲು ಹೊಟ್ಟೆ ತುಂಬಿಸುತ್ತಾನೆ. ನನಗೆ ಇವನು ತುಂಬಾ ಇಷ್ಟ. ಮುಖ ಗಮನಿಸಿ: ಮೂಗು, ಎರಡು ಕೆನ್ನೆ, ಮೂರೂ ದುಂಡು. ಮಗು ಕೂಡ ಬಿಡಿಸಬಹುದು, ಅಲ್ವಾ?

ಚಪಾತಿ ಹಿಟ್ಟಿನಲ್ಲೇ ಗೊಂಬೆ ಮಾಡಿ ಫೋಟೋ ಕಳಿಸಿದರೂ ಆಗುತ್ತದೆ. ಮನೆಯ ಮಕ್ಕಳು ಮಾಡಿದ್ದನ್ನೂ ಹಾಕಿ. ಹಿಟ್ಟು ಬೇಗ ಒಣಗಿ ಬಿರುಕು ಬಿಡುತ್ತದೆ, ಕೆಲಸ ಮುಗಿಯುವವರೆಗೆ ಒದ್ದೆ ಬಟ್ಟೆ ಮುಚ್ಚಿಡಿ.